ಏಳು ಸಾಲಿನ ಜಲಸಮಾಧಿ

ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಮ್ಮ ಮನೆಯಲ್ಲಿ ಅದು ಪಾಲಾಗಿ ಹೋಗುತ್ತದೆ. ಮಗ ಆಟದ ಪುಟ ಎಳೆದುಕೊಳ್ಳುತ್ತಾನೆ, ಸೊಸೆ ಪದಬಂಧದ ಹಾಳೆಯನ್ನು ಅಡುಗೆಮನೆಗೆ ಒಯ್ಯುತ್ತಾಳೆ, ನನ್ನ ಹೆಂಡತಿ ಯಾರು ಯಾರು ತೀರಿಹೋದರೆಂದು ನೋಡುತ್ತಾಳೆ. ನನಗೆ ಯಾರೂ ಕೈಯೊಡ್ಡದ ಒಂದು ಮೂಲೆ ಸಾಕು. ‘ತಿದ್ದುಪಡಿ’ ಎಂಬ ಪುಟ್ಟ ತಲೆಬರಹದ ಕೆಳಗೆ, ನಿನ್ನೆ ಅಚ್ಚಾದದ್ದು ಹಾಗಲ್ಲ ಹೀಗೆ ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳುವ ಎರಡೋ ಮೂರೋ ಸಾಲು. ಅದನ್ನು ಓದಿದ ಮೇಲೆಯೇ ನನಗೆ ಕಾಫಿ ಇಳಿಯುವುದು. ನನ್ನ ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ, “ಮಾವ, ಅದರಾಗ ಏನೈತೆ ಅಂತ ಅಷ್ಟು ಓದ್ತೀರಿ?” ಎಂದು ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಆಗ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರದ ಅಂಗಡಿಯೊಂದರ ಮಹಡಿಯ ಮೇಲೆ ಒಂದೇ ಕೋಣೆಯ ಧಣಿ. ಕೋಣೆಯ ಮುಂಭಾಗ ಫೋಟೋ ಸ್ಟುಡಿಯೋ, ಹಿಂಭಾಗ ಕರಿ ಪರದೆ ಬಿಟ್ಟ ಡಾರ್ಕ್‌ರೂಮ್, ಎರಡರ ನಡುವೆ ಮೇಜಿನಷ್ಟು ಜಾಗ ಬೆಂಗಳೂರಿನ ಒಂದು ದಿನಪತ್ರಿಕೆಯ ದಾವಣಗೆರೆ ಕಚೇರಿ. ಕಚೇರಿ ಎಂದರೆ ನಾನು, ಒಂದು ಮಸಿ ಕುಡಿಕೆ, ಒಂದು ಚೇರು. ಸ್ಟುಡಿಯೋದ ಗೋಡೆಗೆ ಅರಮನೆಯ ಮೆಟ್ಟಿಲು, ಕೊಳ, ಎರಡು ಹಂಸ ಬರೆದ ಪರದೆ. ಕೆಳಗಿನಿಂದ ಹತ್ತಿಯ ಧೂಳು ಏರಿ ಬಂದು ಕೂತು ಕೂತು ಹಂಸಗಳು ಕ್ರಮೇಣ ಕುರಿಗಳ ಹಾಗೆ ಕಾಣತೊಡಗಿದ್ದವು. ಮಿಲ್ಲಿನ ಸೈರನ್ ಕೂಗಿದಾಗ ಫಿಲ್ಮು ತೊಳೆಯುವ ನನ್ನ ಔಷಧದ ಬಾಟಲಿಗಳು ಸಣ್ಣಗೆ ನಡುಗುತ್ತಿದ್ದವು. ಬೋರ್ಡಿನಲ್ಲಿ ‘ಪತ್ರಕರ್ತ ಮತ್ತು ಛಾಯಾಗ್ರಾಹಕ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೆ. ಪೇಟೆಯವರು ಅದನ್ನೆಲ್ಲ ಓದುವ ಗೋಜಿಗೆ ಹೋಗದೆ ನನ್ನನ್ನು ‘ಪೇಪರಪ್ಪ’ ಎಂದು ಕರೆದು ಮುಗಿಸಿದ್ದರು.

ಈ ಕಸುಬಿಗೆ ನಾನು ಬಿದ್ದದ್ದು ಆನೆಕೊಂಡದ ನಮ್ಮ ಹಳೆಯ ಮನೆಯ ಬಾಗಿಲಿನ ದೆಸೆಯಿಂದ. ಆ ಬಾಗಿಲಿನ ಹಲಗೆಯಲ್ಲಿ ಒಂದು ಗಂಟು ಉದುರಿ ಕಡಲೆಕಾಳಿನಷ್ಟು ತೂತಾಗಿತ್ತು. ಮಧ್ಯಾಹ್ನ ಅವ್ವ ಬಾಗಿಲು ಹಾಕಿ ಮಲಗಿದಾಗ, ಎದುರಿನ ಗೋಡೆಯ ಮೇಲೆ ನಮ್ಮ ಓಣಿಯೇ ತಲೆಕೆಳಗಾಗಿ ಮೂಡುತ್ತಿತ್ತು. ಎತ್ತುಗಳು ಕಾಲು ಮೇಲೆ ಮಾಡಿಕೊಂಡು ಹೋಗುತ್ತಿದ್ದವು, ಕೊಡ ಹೊತ್ತವರು ಆಕಾಶದಿಂದ ಇಳಿಬಿದ್ದು ನಡೆಯುತ್ತಿದ್ದರು, ಒಂದು ಹನಿ ನೀರೂ ಚೆಲ್ಲುತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಅದನ್ನು ಹಿಡಿದಿಟ್ಟುಕೊಳ್ಳುವ ಉಪಾಯವೊಂದು ಜಗತ್ತಿನಲ್ಲಿ ಇದೆಯೆಂದು ತಿಳಿದ ದಿನದಿಂದ ನನಗೆ ಬೇರೆ ಯಾವ ಕೆಲಸವೂ ರುಚಿಸಲಿಲ್ಲ.

ಆದರೆ ಜನ ನನ್ನನ್ನು ಕರೆಯುತ್ತಿದ್ದದ್ದು ಹೆಚ್ಚಾಗಿ ಸತ್ತವರ ಮನೆಗೆ. ನಮ್ಮ ಕಡೆಯ ಲಿಂಗಾಯತರಲ್ಲಿ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಸಿಂಗರಿಸುತ್ತಾರಲ್ಲ, ಆಗ ಫೋಟೋ ಆಗಬೇಕು. ಬದುಕಿದ್ದಾಗ ಕ್ಯಾಮರಾ ಕಂಡರೆ ಮುಖ ತಿರುಗಿಸುತ್ತಿದ್ದ ಯಜಮಾನರು ಆಗ ಮಾತ್ರ ಒಂದಿಷ್ಟೂ ಅಲುಗಾಡದೆ ಕೂರುತ್ತಿದ್ದರು. ಅಭ್ಯಾಸಬಲದಿಂದ ನಾನು ಒಮ್ಮೆ, “ಅಲ್ಲಾಡಬ್ಯಾಡ್ರಿ, ಸ್ವಲ್ಪ ಈ ಕಡೆ ನೋಡ್ರಿ” ಎಂದು ಅಂಥವರೊಬ್ಬರಿಗೆ ಹೇಳಿಬಿಟ್ಟು, ಅಳುತ್ತಿದ್ದ ಮನೆಯಲ್ಲಿ ನಗೆ ಎಬ್ಬಿಸಿದ್ದೆ. ಹೀಗೆ ಸಾವು ನನಗೆ ದಿನದ ವ್ಯವಹಾರವಾಗಿತ್ತು. ಇಂಥವರು ಹೋದರು ಎಂದು ಯಾರಾದರೂ ಹೇಳಿದರೆ ಸಾಕು, ಬರೆದು ಕಳಿಸುತ್ತಿದ್ದೆ. ಹೋದವರು ಹೋಗಿಯೇ ಇರುತ್ತಿದ್ದರು. ದುರುಗಪ್ಪನೊಬ್ಬನನ್ನು ಬಿಟ್ಟು.

ಆ ವರ್ಷ ಶ್ರಾವಣದಲ್ಲಿ ತುಂಗಭದ್ರೆ ಎಂದೂ ಬರದ ಹಾಗೆ ಬಂದಿದ್ದಳು. ದಾವಣಗೆರೆಯಲ್ಲಿ ಬಿಸಿಲು. ಮಳೆಯೆಲ್ಲ ಮೇಲೆ, ಮಲೆನಾಡಿನಲ್ಲಿ. ಸುದ್ದಿ ಕಿವಿಗೆ ಬಿದ್ದದ್ದೇ ನಾನು ಎರಡು ಕಣ್ಣಿನ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಹರಿಹರದ ರೈಲು ಹತ್ತಿದೆ. ಆ ಕ್ಯಾಮರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆಗ ಫಿಲ್ಮು ಸಿಗುವುದೇ ಕಷ್ಟವಾಗಿದ್ದರಿಂದ, ಹನ್ನೆರಡೂ ಮುಗಿಯದೆ ನಾನು ಸುರುಳಿಯನ್ನು ತೊಳೆಯುತ್ತಿರಲಿಲ್ಲ.

ಸೇತುವೆಯ ಮೇಲೆ ಇಡೀ ಹರಿಹರ ಸೇರಿತ್ತು. ಕೆಳಗೆ ನೋಡಿದೆ. ಅದು ನೀರೆಂದು ಅನ್ನಿಸಲಿಲ್ಲ. ಕೆಮ್ಮಣ್ಣಿನ ಹೊಲವೊಂದು ಎದ್ದು ನಡೆದುಕೊಂಡು ಬರುತ್ತಿತ್ತು. ಕಮಾನುಗಳ ಕಂಬಕ್ಕೆ ಅದು ಬಡಿದಾಗ ಕಲ್ಲಿನೊಳಗಿಂದ ಒಂದು ಗುಡುಗು ಹುಟ್ಟಿ ನಮ್ಮ ಅಂಗಾಲಿನ ಮೂಲಕ ಹಲ್ಲಿನವರೆಗೆ ಏರುತ್ತಿತ್ತು. ಹುಲ್ಲಿನ ಬಣವೆ ಬಂತು, ಕುಂಬಳಬಳ್ಳಿ ಕಾಯಿ ಸಮೇತ ಬಂತು, ರಂಗೋಲಿ ಬರೆದ ಹೊಸ್ತಿಲಿನ ಜೊತೆ ಒಂದು ಬಾಗಿಲು ಬಂತು. ಯಾರು ಏನು ಆಡಿದರೂ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಹರಿಗೋಲು ಬೋರಲಾಗಿ ತಿರುಗುತ್ತ ತಿರುಗುತ್ತ ಬಂತು. ಬಿದಿರಿನ ದೊಡ್ಡ ಬುಟ್ಟಿಗೆ ಚರ್ಮ ಹೊದಿಸಿದ ನಮ್ಮ ಹೊಳೆಯ ದೋಣಿ. ನನ್ನ ಪಕ್ಕದವನೊಬ್ಬ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ: “ಅದು ಅಂಬಿಗರ ದುರುಗಪ್ಪಂದು ಕಣ್ರಿ! ಹೊಸಾ ಚರ್ಮ ನೋಡ್ರಿ! ಬೆಳಿಗ್ಗೆ ಆಚೆ ದಂಡೆ ಜನ ದಾಟಿಸಾಕೆ ಒಬ್ನೇ ಹೋಗಿದ್ದ. ಹೋದ, ಹೋದ!”

ಹರಿಗೋಲು ಕಮಾನಿನ ಕೆಳಗೆ ನುಗ್ಗಿತು. ಜನರೆಲ್ಲ ಅದು ಆಚೆ ಹೊರಬರುವುದನ್ನು ನೋಡಲು ಸೇತುವೆಯ ಇನ್ನೊಂದು ಬದಿಗೆ ಓಡಿದರು. ನಾನು ಫಿಲ್ಮು ಸುತ್ತುತ್ತ ಇದ್ದಲ್ಲೇ ಉಳಿದೆ. ಅದೇ ಹೊತ್ತಿಗೆ ಒಂದು ಮರ ಸೊಪ್ಪು ಸಮೇತ, ಬೇರು ಮುಂದಾಗಿ, ಮೆರವಣಿಗೆಯಲ್ಲಿ ಬರುವ ಹಾಗೆ ಬಂತು. ಗಾಜಿನಲ್ಲಿ ಅದು ಬಹಳ ಚೆನ್ನಾಗಿ ಕಂಡಿತು. ಒಂದು ಚಿತ್ರ ಹೊಡೆದೆ, ಅದು ಹತ್ತನೆಯದು. ಆಮೇಲೆ ಟೆಲಿಗ್ರಾಂ ಕೊಡಲು ತಾರು ಕಚೇರಿಗೆ ಓಡಿದೆ.

ನಮ್ಮ ಕಾಲದ ತಾರು ಇಂಗ್ಲಿಷಿನಲ್ಲೇ ಹೋಗಬೇಕಿತ್ತು. ನನ್ನ ಇಂಗ್ಲಿಷು ಐದು ಪದಕ್ಕೆ ಸುಸ್ತಾಗುವಂಥದ್ದು. ಹರಿಹರದ ಪ್ರವಾಹದಲ್ಲಿ ಅಂಬಿಗ ದುರುಗಪ್ಪ ಮುಳುಗಿದ ಎಂಬಷ್ಟು ಅರ್ಥ ಬರುವಂತೆ ಬರೆದು ಕೊಟ್ಟು, ಮಂಡಕ್ಕಿ ಮೆಣಸಿನಕಾಯಿ ತಿಂದು, ರೈಲು ಹತ್ತಿ ಊರಿಗೆ ಬಂದೆ. ಯಾರನ್ನೂ ಏನನ್ನೂ ಕೇಳಲಿಲ್ಲ. ಅವನ ಮುಖ ಕೂಡ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪತ್ರಿಕೆ ಬಂತು. ನನ್ನ ಸುದ್ದಿ ಮುಖಪುಟದಲ್ಲಿತ್ತು! ನನ್ನ ಐದು ಪದ ಬೆಂಗಳೂರಿನಲ್ಲಿ ಏಳು ಸಾಲಾಗಿ ಬೆಳೆದಿತ್ತು. ‘ಅಂಬಿಗನ ಜಲಸಮಾಧಿ’ ಎಂಬ ತಲೆಬರಹ. ಮೃತನು ಅಪಾರ ಬಂಧುಬಳಗವನ್ನು ಅಗಲಿದ್ದನು. ಆತನ ಪತ್ನಿಯ ಆಕ್ರಂದನ ಮುಗಿಲು ಮುಟ್ಟಿತ್ತು. ಮುಗಿಲು ಮುಟ್ಟಿದ ಆ ಆಕ್ರಂದನ ನನಗೇ ಹೊಸ ಸುದ್ದಿ. ಆದರೆ ಮುಖಪುಟ ಮುಖಪುಟವೇ. ಕೆಳಗಿನ ಅಂಗಡಿಯ ಸಾಹುಕಾರರು, “ಭಲೇ ಪೇಪರಪ್ಪ!” ಎಂದು ಬೆನ್ನು ತಟ್ಟಿದರು. ಉಬ್ಬಿಹೋದ ನಾನು, ಆ ಪತ್ನಿಯ ಫೋಟೋ ಒಂದಿದ್ದರೆ ಎಷ್ಟು ಚೆನ್ನ ಎಂದುಕೊಂಡೆ. ಫಿಲ್ಮಿನಲ್ಲಿ ಇನ್ನೂ ಎರಡು ಚಿತ್ರ ಉಳಿದಿದ್ದವಲ್ಲ. ಈಗ ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ಆಗ ನಿಲ್ಲಲಿಲ್ಲ.

ದುರುಗಪ್ಪನ ಊರು ಹರಿಹರದಿಂದ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಒಂದು ಗಂಟೆಯ ನಡಿಗೆ. ನಾನು ಹೋಗುವಷ್ಟರಲ್ಲಿ ನನ್ನ ಏಳು ಸಾಲು ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಶಾಲೆಯ ಮೇಷ್ಟ್ರು ಪತ್ರಿಕೆ ತರಿಸಿ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದ್ದರು. ಅದುವರೆಗೆ, ದುರುಗಪ್ಪ ಈಜಿ ಎಲ್ಲೋ ದಡ ಹತ್ತಿರಬಹುದು ಎನ್ನುತ್ತಿದ್ದ ಊರು, ಅಚ್ಚಾದದ್ದನ್ನು ಕೇಳಿದ ಮೇಲೆ ಹುಡುಕುವುದನ್ನೇ ಬಿಟ್ಟಿತ್ತು.

ಅವನ ಹೆಂಡತಿ ಹಾಲವ್ವ ಅಳುತ್ತಿರಲಿಲ್ಲ. ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಣೆದಿಟ್ಟ ಹೊಸ ಹರಿಗೋಲಿಗೆ ದಬ್ಬಳದಿಂದ ಚರ್ಮ ಹೊಲಿಯುತ್ತಿದ್ದಳು. ಅವಳ ತಮ್ಮ ಮೈಲಾರಿ ಚರ್ಮವನ್ನು ಎಳೆದು ಹಿಡಿದಿದ್ದ. ಸುತ್ತ ನಿಂತ ಜನರ ಮಧ್ಯದಿಂದ ಊರ ಗೌಡರು ಮೆತ್ತಗೆ ಹೇಳುತ್ತಿದ್ದರು: “ಹಾಲವ್ವ, ಮೊಂಡತನ ಬ್ಯಾಡ ತಂಗಿ. ಪೇಪರ್‌ನಾಗೇ ಬಂದೈತೆ. ಬಳೆ ಒಡೆಯೋ ಶಾಸ್ತ್ರ ಮುಗಿಸಿಬಿಡು. ಹೋದೋರ ಜೀವಕ್ಕೆ ದಾರಿ ಆಗಬೇಕಲ್ಲ.”

“ಹರಿಗೋಲು ಹೋಗೈತೆ ಗೌಡ್ರೆ. ನಮ್ಮನೆಯೋರು ಬಂದ ಮ್ಯಾಲೆ ಕೆಲಸಕ್ಕೆ ಬೇಕಲ್ಲ, ಅದಕ್ಕ ಹೊಲೀತಿದೀನಿ,” ಎಂದಳು ಅವಳು, ತಲೆ ಎತ್ತದೆ.

ಆಗ ಮೇಷ್ಟ್ರು ನನ್ನ ಕೊರಳಿನ ಕ್ಯಾಮರಾ ನೋಡಿ, ಪೇಪರಿನವರೇ ಬಂದರೆಂದು ಎಲ್ಲರಿಗೂ ಸಾರಿದರು. ಜನ ದಾರಿ ಬಿಟ್ಟರು. ಹಾಲವ್ವ ದಬ್ಬಳ ಕೆಳಗಿಟ್ಟು ಎದ್ದು ನನ್ನ ಎದುರಿಗೆ ಬಂದು ನಿಂತಳು. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಕಣ್ಣು ನಿದ್ದೆಯಿಲ್ಲದೆ ಕೆಂಡವಾಗಿದ್ದವು.

“ಬರ್ದೋರು ನೀವೇನ್ರಿ?”

“ಹೌದಮ್ಮ.”

“ನಮ್ಮನೆಯೋರು ಮುಳುಗಿದ್ದು ನೀವು ಕಂಡ್ರೇನ್ರಿ?”

ಇಷ್ಟು ವರ್ಷ ದೊಡ್ಡ ದೊಡ್ಡವರಿಗೆ ನಾನು ಪ್ರಶ್ನೆ ಕೇಳಿದ್ದೇನೆ. ಅಂಥ ಪ್ರಶ್ನೆಯನ್ನು ನಾನು ಎಂದೂ ಕೇಳಿರಲಿಲ್ಲ. ಹೌದು ಎಂದರೆ ನನ್ನ ಮುಖಪುಟ ಉಳಿಯುತ್ತಿತ್ತು. ಐವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

“ಇಲ್ಲ,” ಎಂದೆ. “ಬೋರಲಾದ ಹರಿಗೋಲು ಕಂಡೆ. ಯಾರೋ ಹೋದ ಅಂದ್ರು, ಬರೆದೆ. ನಾನು ಅವರನ್ನ ನೋಡಲಿಲ್ಲ.”

ಮೇಷ್ಟ್ರು ಪತ್ರಿಕೆಯನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. “ಮತ್ತೆ ಆಕ್ರಂದನ?” ಎಂದರು. ನಾನು ತಲೆ ತಗ್ಗಿಸಿದೆ. ಗೌಡರು, “ನೋಡದೆ ಬರೆಯಾಕ ಅದೇನು ಕಣಿ ಹೇಳೋದೇನ್ರಿ?” ಎಂದು ಗದರಿದರು. ಹಾಲವ್ವ ಮಾತ್ರ ಬಯ್ಯಲಿಲ್ಲ. “ಕೇಳಿದ್ರೇನ್ರಿ ಗೌಡ್ರೆ?” ಎಂದು ಹೇಳಿ ಹೋಗಿ ಮತ್ತೆ ದಬ್ಬಳ ಹಿಡಿದಳು. ಆ ಎರಡು ಚಿತ್ರಗಳನ್ನು ನಾನು ತೆಗೆಯಲೇ ಇಲ್ಲ.

ದಾವಣಗೆರೆಗೆ ಬಂದಾಗ ಇಳಿಹೊತ್ತು. ಅಂಗಡಿಯವರ ಮುಖ ನೋಡಲಾರದೆ ನೇರ ಡಾರ್ಕ್‌ರೂಮಿಗೆ ಹೊಕ್ಕೆ. ಮನಸ್ಸು ಕೆಟ್ಟಾಗ ನನಗೆ ತಿಳಿದದ್ದು ಅದೊಂದೇ ಕೆಲಸ. ಹತ್ತೇ ಚಿತ್ರದ ಸುರುಳಿಯನ್ನು ಮೊದಲ ಬಾರಿಗೆ ಹನ್ನೆರಡು ಮುಗಿಯುವ ಮುಂಚೆಯೇ ತೊಳೆದು, ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿ, ಒಂದೊಂದನ್ನೇ ಕಾಗದಕ್ಕೆ ಇಳಿಸತೊಡಗಿದೆ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ, ಬಿಳಿ ಕಾಗದದೊಳಗಿಂದ ಹೊಳೆ ಎದ್ದು ಬರತೊಡಗಿತು. ಬಣವೆ ಎದ್ದಿತು, ಬಾಗಿಲು ಎದ್ದಿತು. ಹತ್ತನೆಯದರಲ್ಲಿ ಆ ಚೆಂದದ ಮರ ಎದ್ದಿತು. ಮೊದಲು ಬೇರು, ಆಮೇಲೆ ಕಾಂಡ, ಆಮೇಲೆ ಸೊಪ್ಪು. ಸೊಪ್ಪಿನ ನಡುವೆ ಒಂದು ಬಿಳಿ ಗೆರೆ. ಗೀರು ಬಿದ್ದಿದೆಯೆಂದು ಫಿಲ್ಮನ್ನು ಒರೆಸಿ ಮತ್ತೆ ದೊಡ್ಡದಾಗಿ ಇಳಿಸಿದೆ. ಗೆರೆ ಹೋಗಲಿಲ್ಲ, ದೊಡ್ಡದಾಯಿತು. ಇನ್ನೂ ದೊಡ್ಡದು ಮಾಡಿದೆ.

ಅದು ಕೈ. ಸೊಪ್ಪಿನೊಳಗಿಂದ ನೆಟ್ಟಗೆ ಮೇಲೆ ಎತ್ತಿದ ಮನುಷ್ಯನ ಒಂದು ಕೈ.

ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅವನು ಬದುಕಿದ್ದ. ಅವನು ಬದುಕಿದ್ದದ್ದನ್ನು ನನ್ನ ಕ್ಯಾಮರಾ ನೋಡಿತ್ತು, ನಾನು ನೋಡಿರಲಿಲ್ಲ. ಅವನು ನನ್ನ ಕಾಲ ಕೆಳಗೆ ಹಾದುಹೋಗುತ್ತಿದ್ದ ಕ್ಷಣದಲ್ಲೇ ನಾನು ಅವನ ಸಾವಿನ ಸುದ್ದಿ ಹಿಡಿದು ತಾರು ಕಚೇರಿಯ ದಾರಿ ಹಿಡಿದಿದ್ದೆ.

ಕಡೆಯ ಬಸ್ಸು ಹೋಗಿತ್ತು. ಮರುದಿನ ಮೊದಲ ಬಸ್ಸಿಗೆ ಹೊರಟು, ದಂಡೆಯ ಉದ್ದಕ್ಕೂ ಓಡುನಡಿಗೆಯಲ್ಲಿ ಹೋಗಿ, ಹಾಲವ್ವನ ಕೈಗೆ ಆ ಕಾಗದ ಕೊಟ್ಟೆ. ಅವಳು ಅದುವರೆಗೆ ಫೋಟೋ ಎಂಬುದನ್ನು ಕೈಯಲ್ಲಿ ಹಿಡಿದವಳಲ್ಲ. ತಲೆಕೆಳಗಾಗಿ ಹಿಡಿದಿದ್ದನ್ನು ನಾನು ನೇರ ಮಾಡಿ ಕೊಟ್ಟು ಕೈಯ ಮೇಲೆ ಬೆರಳಿಟ್ಟು ತೋರಿಸಿದೆ. “ಯಾರ ಕೈಯೋ ಗೊತ್ತಿಲ್ಲಮ್ಮ. ಅವರದ್ದೇ ಅಂತ ಹೇಳಾಕ ನನಗೆ ಧೈರ್ಯ ಇಲ್ಲ,” ಎಂದೆ. ಒಮ್ಮೆ ಸುಟ್ಟುಕೊಂಡಿದ್ದೆನಲ್ಲ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: “ಇದು ಅವರೇ ಕಣ್ರಿ. ಮುಳುಗೋರು ಹಿಂಗೆ ಕೈ ಎತ್ತಲ್ಲ, ಬಡೀತಾರೆ. ಆಚೆ ದಂಡೆ ಮ್ಯಾಲೆ ಜನ ಕಾಯ್ತಿದ್ರೆ ನಮ್ಮನೆಯೋರು ಹಿಂಗೇ ನೆಟ್ಟಗೆ ಎತ್ತೋದು. ‘ನಿಲ್ರಿ, ಬಂದೆ’ ಅಂತ.”

ಅಷ್ಟು ಹೇಳುವಾಗಲೂ ಅವಳ ದನಿ ನಡುಗಲಿಲ್ಲ. ಆಮೇಲೆ ಅವಳು ನೀರನ್ನು ನೋಡತೊಡಗಿದಳು. ನನ್ನ ಚಿತ್ರದಲ್ಲಿ ನೀರೆಂದರೆ ಮರದ ಸುತ್ತಲಿನ ಬೂದು ಬಣ್ಣ, ಅಷ್ಟೇ. ಅವಳು ಅದರ ಮೇಲೆ ಬೆರಳಾಡಿಸಿ, ಮೇಷ್ಟ್ರು ಪತ್ರಿಕೆ ಓದಿದ ಹಾಗೆ ಓದಿದಳು.

“ನೀವು ನಿಂತಿದ್ದು ಹರಿಹರದ ಕಡೆಯಿಂದ ಮೂರನೇ ಕಣ್ಣಿನ ಮ್ಯಾಲಲ್ರಿ?” ಕಮಾನಿಗೆ ಅವರು ಕಣ್ಣು ಎನ್ನುತ್ತಿದ್ದರು. “ನೊರೆ ನೋಡು ಮೈಲಾರಿ, ಎಡಕ್ಕ ಹೊಳ್ಳೈತೆ. ಇಲ್ಲಿ ಸುಳಿ. ಮರ ಬೇರು ಮುಂದಾಗಿ ಬಂದೈತೆ, ಅಂದ್ರೆ ತಿರುಗಲ್ಲ, ಸೀದಾ ಹೋಗತೈತೆ. ಮೂರನೇ ಕಣ್ಣಾಗೆ ಹೊಕ್ಕಿದ್ದು ಈ ದಂಡೆಗೂ ಬರಲ್ಲ, ಆ ದಂಡೆಗೂ ಹೋಗಲ್ಲ. ಕೆಳಗೆ ಜಾಲಿ ದಿಬ್ಬ ಐತಲ್ಲ, ಅದಕ್ಕ ಹೋಗಿ ಬಡೀತೈತೆ.”

ಮೈಲಾರಿ ಬಗ್ಗಿ ನೋಡಿದ. “ಹೌದಕ್ಕ,” ಎಂದ. ಇಬ್ಬರೂ ಎದ್ದು ಹೊಸ ಹರಿಗೋಲನ್ನು ತಲೆಯ ಮೇಲೆ ಹೊತ್ತರು. ಸೇತುವೆ ದಾಟಿ ಕೆಳಗಿನ ದಂಡೆಯವರೆಗೆ ಆ ಭಾರ ಹೊತ್ತುಕೊಂಡೇ ನಡೆದರು. ಬರಿಗೈಯ ನಾನು ಹಿಂದೆ ಏದುಸಿರು ಬಿಡುತ್ತ ನಡೆದೆ. ಗೌಡರು, ಮೇಷ್ಟ್ರು, ಅರ್ಧ ಊರು ನಮ್ಮ ಹಿಂದೆ.

ದಂಡೆಯಲ್ಲಿ ಗೌಡರು ಅಡ್ಡ ನಿಂತರು. “ನೀರು ಇನ್ನೂ ಇಳಿದಿಲ್ಲ ತಂಗಿ. ಒಂದು ಜೀವ ಹೋಗೈತೆ, ಇನ್ನೆರಡು ಹೋಗಾದು ಬ್ಯಾಡ.”

“ನಮ್ಮಪ್ಪ ನನಗ ನಡಿಯಾಕ ಕಲಿಸೋಕಿಂತ ಮೊದಲು ಹುಟ್ಟು ಹಾಕಾಕ ಕಲಿಸ್ಯಾನ್ರಿ. ದಾರಿ ಬಿಡ್ರಿ,” ಎಂದಳು. ಸೆರಗು ಸೊಂಟಕ್ಕೆ ಬಿಗಿದು ಹರಿಗೋಲಿನಲ್ಲಿ ಮಂಡಿಯೂರಿದಳು.

ನಾನು ಬದುಕಿನಲ್ಲಿ ಕಂಡ ಅತಿ ದೊಡ್ಡ ದೃಶ್ಯ ಅದು. ಕ್ಯಾಮರಾದಲ್ಲಿ ಫಿಲ್ಮು ಇರಲಿಲ್ಲ, ಇದ್ದಿದ್ದರೂ ಎತ್ತುತ್ತಿರಲಿಲ್ಲ. ಅವರು ನೇರ ದಿಬ್ಬದ ಕಡೆಗೆ ಹೋಗಲಿಲ್ಲ. ಮೊದಲು ದಂಡೆಯ ಪಕ್ಕದ ನಿಧಾನದ ನೀರಿನಲ್ಲಿ ಮೇಲಕ್ಕೆ ಏರಿ, ಅಲ್ಲಿಂದ ಹೊಳೆಯ ನಡುವಿಗೆ ಬಿಟ್ಟುಕೊಟ್ಟರು. ಆ ಕೆಂಪು ಹರಹಿನ ಮೇಲೆ ಹರಿಗೋಲು ಒಂದು ಒಣಗಿದ ಎಲೆಯಷ್ಟಾಯಿತು. ಒಮ್ಮೆ ಸುಳಿಯಲ್ಲಿ ಗಿರಗಿರನೆ ತಿರುಗಿ, ಅಲೆಯ ಹಿಂದೆ ಮರೆಯಾಯಿತು. ಮತ್ತೆ ಕಂಡಿತು. ಅವಳು ಹೊಳೆಯ ಜೊತೆ ಜಗಳವಾಡುತ್ತಿರಲಿಲ್ಲ. ಅದು ಹೋಗುವಲ್ಲಿಗೇ ಹೋಗುತ್ತಿದ್ದಳು, ಎರಡು ಹುಟ್ಟಿನ ನಡುವೆ ತನಗೆ ಬೇಕಾದ ಒಂದಿಷ್ಟೇ ತಿರುವನ್ನು ಅದರಿಂದ ಕೇಳಿ ಪಡೆಯುತ್ತಿದ್ದಳು. ಹೊಳೆ ಕೊಡುತ್ತಿತ್ತು. ದಿಬ್ಬ ಪೂರಾ ಮುಳುಗಿ ಜಾಲಿಮರಗಳ ನೆತ್ತಿ ಮಾತ್ರ ಕಾಣುತ್ತಿದ್ದವು. ಹರಿಗೋಲು ಆ ಮರಗಳ ನಡುವೆ ಹೊಕ್ಕು ಕಾಣೆಯಾಯಿತು.

ಅದು ಮತ್ತೆ ಹೊರಬಿದ್ದಾಗ ಮೇಷ್ಟ್ರು ಎಣಿಸಿದರು. “ಮೂರು,” ಎಂದರು. ಇನ್ನೊಮ್ಮೆ ಎಣಿಸಿದರು. “ಮೂರು ತಲೆ!” ಎಂದು ಚೀರಿ ನನ್ನನ್ನು ಅಪ್ಪಿಕೊಂಡುಬಿಟ್ಟರು.

ಎರಡು ಹಗಲು ಎರಡು ರಾತ್ರಿ ಜಾಲಿಯ ಮುಳ್ಳಿನ ನಡುವೆ ಕೂತಿದ್ದ ದುರುಗಪ್ಪನನ್ನು ದಂಡೆಗೆ ಇಳಿಸಿದಾಗ, ಅವನ ಮೈ ನೀರು ಕುಡಿದು ಬೆಳ್ಳಗಾಗಿತ್ತು. ಮಾತು ಹೊರಡುತ್ತಿರಲಿಲ್ಲ. ಹಾಲವ್ವ ಅವನನ್ನು ದಡದಲ್ಲಿ ಕೂರಿಸಿ, ಪಕ್ಕದಲ್ಲಿ ಕೂತು, ಮೊದಲ ಬಾರಿಗೆ ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು ಸದ್ದಿಲ್ಲದೆ ಅತ್ತಳು. ಮುಗಿಲು ಮುಟ್ಟುವುದಿರಲಿ, ಪಕ್ಕದಲ್ಲಿದ್ದ ನನ್ನ ಕಿವಿಯನ್ನೂ ಅದು ಮುಟ್ಟಲಿಲ್ಲ.

ನಾನು ಎಲ್ಲವನ್ನೂ ವಿವರವಾಗಿ ಬರೆದು ಫೋಟೋ ಸಮೇತ ಬೆಂಗಳೂರಿಗೆ ಕಳಿಸಿದೆ. ಫೋಟೋ ಸ್ಪಷ್ಟವಿಲ್ಲವೆಂದು ಅವರು ಬಿಟ್ಟರು, ಜಾಗವಿಲ್ಲವೆಂದು ನನ್ನ ಬರಹವನ್ನೂ ಬಿಟ್ಟರು. ಒಳಪುಟದ ಮೂಲೆಯಲ್ಲಿ ಮೂರು ಸಾಲು ಬಂತು: ಜಲಸಮಾಧಿಯಾದನೆಂದು ವರದಿಯಾಗಿದ್ದ ಅಂಬಿಗ ದುರುಗಪ್ಪ ಬದುಕಿದ್ದಾನೆ, ತಪ್ಪಿಗೆ ವಿಷಾದಿಸುತ್ತೇವೆ. ನನ್ನ ಪತ್ರಕರ್ತ ಜೀವನದಲ್ಲಿ ನಾನು ಹೆಮ್ಮೆಪಡಬಹುದಾದ ಮೂರು ಸಾಲು ಅವೇ.

ಎಂಟು ಹತ್ತು ದಿನ ಬಿಟ್ಟು ಅದನ್ನು ಹಿಡಿದು ಅವರ ಮನೆಗೆ ಹೋದೆ. ದುರುಗಪ್ಪ ಚೇತರಿಸಿಕೊಂಡಿದ್ದ. ಎತ್ತರದ, ನಗುಮೊಗದ ಆಳು. ನಾನು ಓದಿ ಹೇಳಿದ್ದನ್ನು ಕೇಳಿ ಬಿದ್ದು ಬಿದ್ದು ನಕ್ಕ. “ಬರ್ರಿ, ಕೂಡ್ರಿ, ಉಣ್ರಿ” ಎಂದು ತಟ್ಟೆ ಹಾಕಿಸಿದ. ಹಾಲವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಊಟದ ನಡುವೆ ಅವನು ತಾನಾಗಿಯೇ ಮಾತು ತೆಗೆದ.

“ಒಂದು ಮಾತು ಹೇಳ್ತೀನಿ ಕೇಳ್ರಿ. ಮರ ಹಿಡ್ಕಂಡು ಬರ್ತಿದ್ನಲ್ಲ, ಸೇತುವೆ ತುಂಬ ಜನ ಕಂಡ್ರು. ಕೂಗಿದೆ, ಯಾರಿಗೂ ಕೇಳ್ಸಲಿಲ್ಲ. ಎಲ್ಲಾರು ಒಮ್ಮೆಲೇ ಆಕಡೆ ಓಡಿಬಿಟ್ರು. ನನ್ನ ಎದೆನೇ ಒಡೀತು. ಆದ್ರೆ ಒಬ್ಬ ನಿಂತಿದ್ದ ನೋಡ್ರಿ. ಹೊಟ್ಟೆ ಮ್ಯಾಲೆ ಏನೋ ಪೆಟ್ಟಿಗೆ ಇಟ್ಕಂಡು, ನನ್ನ ಕಡೀಗೇ ತಿರುಗಿ ನಿಂತಿದ್ದ. ಅವನಿಗೆ ಕೈ ಎತ್ತಿದೆ. ಅದು ನೀವೇ ಅಂತ ಇವಳು ಹೇಳಿದ್ಲು. ಎರಡು ದಿನ ಆ ಮುಳ್ಳಿನಾಗೆ ಕೈ ಬಿಡಬೇಕು ಅನಿಸಿದಾಗೆಲ್ಲ ಅಂದ್ಕಂತಿದ್ದೆ: ಅವನು ನನ್ನ ಕಂಡಾನೆ, ಯಾರಿಗಾದ್ರೂ ಹೇಳೇ ಹೇಳ್ತಾನೆ. ಅದೊಂದೇ ನನಗ ಗಟ್ಟಿ ಇದ್ದದ್ದು.”

ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ. ಅವನು ನನ್ನನ್ನು ನೋಡುತ್ತಿದ್ದ, ದೇವರ ಕಡೆ ನೋಡುವಂತೆ. ಹೇಳಲೇಬೇಕಿತ್ತು. “ಇಲ್ಲ ದುರುಗಪ್ಪ, ನಾನು ಆವತ್ತು...” ಎಂದು ಬಾಯಿ ತೆರೆದೆ.

ಹಾಲವ್ವ ಒಲೆಯ ಕಡೆಯಿಂದ ತಿರುಗಿ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಹೆಂಚಿನಿಂದ ಒಂದು ಬಿಸಿ ರೊಟ್ಟಿ ತೆಗೆದು ನನ್ನ ತಟ್ಟೆಗೆ ಹಾಕಿದಳು.

“ಹೂಂ, ಅವರೇ ಬಂದು ಹೇಳಿದ್ದು,” ಎಂದಳು ಗಂಡನಿಗೆ. “ಮೊದಲು ಉಣ್ಣಾಕ ಬಿಡ್ರಿ ಅವರಿಗೆ. ಆರತೈತೆ.”